ಕಾವು ಪೆಟ್ಟಿಗೆ ತಣ್ಣಗಾದ ಭಾನುವಾರ

೧೯೫೩ರಲ್ಲಿ ನಾನು ಸರ್ಕಾರದ ಕೋಳಿ ಸಾಕಣೆ ವಿಭಾಗದಲ್ಲಿ ತಾತ್ಕಾಲಿಕ ಸಹಾಯಕಿಯಾಗಿದ್ದೆ. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್‌ಸಿ. ಮುಗಿಸಿ ಒಂದೂವರೆ ವರ್ಷವಾಗಿತ್ತು. ಮನೆ ಶಂಕರಪುರದಲ್ಲಿ. ತಂದೆಯವರಿಗೆ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿ. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಬೆಳಿಗ್ಗೆ ಲಿಂಗಪೂಜೆಯಾಗದೆ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ; ಮೊಟ್ಟೆ ಎಂಬ ಮಾತು ಕೂಡ ಅಡಿಗೆಮನೆಯ ಹೊಸಿಲು ದಾಟುವುದಿಲ್ಲ. ನನ್ನ ಕೆಲಸವೇನೆಂದು ಕೇಳಿದವರಿಗೆ ‘ಅಂಕಿ ಅಂಶ ಬರೆಯುವುದು’ ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಯಾವುದರ ಅಂಕಿ ಎಂದು ಯಾರೂ ಮುಂದೆ ಕೇಳಲಿಲ್ಲ; ನಾನಾಗಿ ಹೇಳಲೂ ಇಲ್ಲ.

ಕೆಲಸದ ಚೀಲದಲ್ಲಿ ಒಂದು ಜೊತೆ ಬಿಳಿ ಹತ್ತಿಯ ಕೈಗವಸು ಸದಾ ಇರುತ್ತಿತ್ತು. ಮೊಟ್ಟೆ ಮುಟ್ಟುವ ಮೊದಲು ತೊಟ್ಟುಕೊಂಡು, ಮುಗಿದೊಡನೆ ಕಳಚಿ, ಬೇರೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದೆ. ಕೈಯ ಬೆವರು ಚಿಪ್ಪಿಗೆ ತಾಗಬಾರದೆಂದು ಪುಸ್ತಕದಲ್ಲಿದೆ ಎಂದು ಹೇಳುತ್ತಿದ್ದೆ. ಪುಸ್ತಕದಲ್ಲಿ ಇರುವುದು ನಿಜ. ನಾನು ತೊಡುತ್ತಿದ್ದ ಕಾರಣ ಅದಲ್ಲ.

ಆ ವರ್ಷ ನಮ್ಮ ವಿಭಾಗ ಒಂದು ಹೊಸ ಪ್ರಯೋಗಕ್ಕೆ ಕೈ ಹಾಕಿತ್ತು. ಆಗತಾನೆ ವಿದ್ಯುತ್ ಬಂದಿದ್ದ ಹಳ್ಳಿಗಳಲ್ಲಿ, ಮನೆಯಲ್ಲೇ ಮರಿ ಮಾಡಿಸುವುದು. ಅದಕ್ಕೆ ಇನ್‌ಕ್ಯುಬೇಟರ್ ಎಂಬ ಯಂತ್ರ. ಹಳ್ಳಿಯವರು ಅದನ್ನು ಕಾವು ಪೆಟ್ಟಿಗೆ ಎಂದರು. ನಾನೂ ಹಾಗೆಯೇ ಬರೆಯುತ್ತೇನೆ. ಮರದ ಪೆಟ್ಟಿಗೆ, ಮೇಲೆ ಹಿಂದಕ್ಕೆ ತೆರೆಯುವ ಮುಚ್ಚಳ, ಮುಂಭಾಗದಲ್ಲಿ ಅಂಗೈಯಗಲದ ಗಾಜಿನ ಕಿಟಕಿ. ಒಳಗೆ ಕಾವು ಕೊಡುವ ವಿದ್ಯುತ್ ತಂತಿ, ಒಂದು ಸಣ್ಣ ಬಲ್ಬು, ನೂರ ಇಪ್ಪತ್ತು ಮೊಟ್ಟೆ ಹಿಡಿಯುವ ತಟ್ಟೆ, ಅದರ ಕೆಳಗೆ ಒಂದು ಗೇಣು ಖಾಲಿ ಜಾಗ. ಮೊಟ್ಟೆಗಳ ಮಟ್ಟದಲ್ಲಿ ೧೦೨ ಡಿಗ್ರಿ ಫ್ಯಾರನ್‌ಹೀಟ್ ಉಷ್ಣತೆ ಇರಬೇಕು. ಇಪ್ಪತ್ತೊಂದನೆಯ ದಿನ ಮರಿ ಹೊರಬರಬೇಕು. ಗಂಟೆಗೊಮ್ಮೆ ಗಾಜಿನ ಮೂಲಕ ಥರ್ಮಾಮೀಟರ್ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಹಗಲಿನ ಬರಹ ನನ್ನದು. ರಾತ್ರಿ ಮನೆಯವರು ೧೦೨ರ ಗುರುತಿಗೆ ಎಳೆದ ಕೆಂಪು ಗೆರೆಗಿಂತ ಪಾದರಸ ಮೇಲಿದೆಯೋ ಕೆಳಗಿದೆಯೋ ನೋಡಿಟ್ಟುಕೊಂಡು ಬೆಳಿಗ್ಗೆ ಹೇಳಬೇಕು.

ನನ್ನ ಪಾಲಿಗೆ ಬಂದ ಮನೆ ಬಸವನಗುಡಿ ದಾಟಿ ಎರಡೂವರೆ ಮೈಲಿ ದೂರದ ಒಂದು ಹಳ್ಳಿಯಲ್ಲಿತ್ತು. ಬಸ್ಸು ಬಸವನಗುಡಿಯಲ್ಲೇ ನಿಂತುಬಿಡುತ್ತಿತ್ತು. ಮುಂದೆ ಗಾಡಿ ಜಾಡಿನಲ್ಲಿ ನಡಿಗೆ. ಮನೆಯ ಯಜಮಾನ ಮುನಿಯಪ್ಪ. ಆದರೆ ಪೆಟ್ಟಿಗೆ ಅವನದಲ್ಲ, ಅವನ ಅತ್ತಿಗೆ ಪುಟ್ಟತಾಯಮ್ಮನದು. ನಲವತ್ತರ ಆಸುಪಾಸಿನ ಹೆಂಗಸು, ಗಂಡ ತೀರಿಕೊಂಡು ಏಳು ವರ್ಷ. ಕೋಳಿಯ ವಿಚಾರದಲ್ಲಿ ಊರಿಗೆಲ್ಲ ಅವಳೇ ವೈದ್ಯೆ ಎಂದು ಕೇಳಿ ನಾನೇ ಅವಳ ಹೆಸರು ಸೂಚಿಸಿದ್ದೆ. ಪೆಟ್ಟಿಗೆಯ ಮೇಲೆ ತಗಡಿನ ಹಲಗೆಯೊಂದನ್ನು ಸ್ಕ್ರೂ ಹಾಕಿ ಕೂರಿಸಲಾಗಿತ್ತು: ‘ವಶ: ಪುಟ್ಟತಾಯಮ್ಮ’. ಮೊದಲ ದಿನ ಅವಳು ಬೆರಳು ಚಾಚಿ ಕೇಳಿದಳು.

“ಅಮ್ಮಣ್ಣಿ, ಇದ್ರಾಗೆ ನನ್ನೆಸ್ರು ಎಲ್ಲಿಂದ ಎಲ್ಲೀಗಂಟ ಐತೆ?”

ತೋರಿಸಿದೆ. ಅಕ್ಷರಗಳ ಮೇಲೆ ಬೆರಳಾಡಿಸಿ, “ಈ ಮನೇಲಿ ನನ್ನೆಸ್ರಿರೋದು ಇದೊಂದ್ರ ಮ್ಯಾಗೇ ನೋಡಿ” ಎಂದಳು. ನಗುತ್ತಲೇ ಹೇಳಿದಳು. ಹೊಲ, ಎತ್ತು, ಮನೆಯ ಪಡಸಾಲೆ ಎಲ್ಲ ಮೈದುನನದು.

ಕರಾರು ಹೀಗಿತ್ತು. ಮೊದಲ ಕಾವಿನಲ್ಲಿ, ಏಳನೆಯ ದಿನದ ಪರೀಕ್ಷೆಯಲ್ಲಿ ಜೀವವಿದೆ ಎಂದು ಕಂಡ ಮೊಟ್ಟೆಗಳ ಪೈಕಿ ಅರ್ಧದಷ್ಟಾದರೂ ಮರಿಯಾಗಬೇಕು. ಆಗದಿದ್ದರೆ ಪೆಟ್ಟಿಗೆ ಪಕ್ಕದೂರಿನ ಪಟೇಲರ ಮನೆಗೆ ಹೋಗುತ್ತದೆ. ಪಟೇಲರು ಆಗಲೇ ಮೂರು ಬಾರಿ ಕಚೇರಿಗೆ ಬಂದು ಕೇಳಿದ್ದರು.

ನವೆಂಬರ್ ಮಧ್ಯದ ಒಂದು ಮಂಗಳವಾರ ನೂರ ಇಪ್ಪತ್ತು ಮೊಟ್ಟೆ ಇಟ್ಟೆವು. ಏಳನೆಯ ದಿನ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಒಳಗೆ ರಕ್ತನಾಳ ಕಾಣದ ಹದಿನಾಲ್ಕನ್ನು ತೆಗೆದೆ. ಉಳಿದವು ನೂರ ಆರು. ಅಂದರೆ ಐವತ್ತಮೂರು ಮರಿ ಬೇಕು. ಆ ಸಂಖ್ಯೆಯನ್ನು ಪುಟ್ಟತಾಯಮ್ಮನಿಗೂ ಹೇಳಿದ್ದೆ.

ಹನ್ನೆರಡನೆಯ ದಿನ ಭಾನುವಾರ, ನವೆಂಬರ್ ತಿಂಗಳ ಕೊನೆಯದು. ಮೊಟ್ಟೆಗೆ ಭಾನುವಾರವಿಲ್ಲದ್ದರಿಂದ ನಾನೂ ಹೋಗಿದ್ದೆ. ಆ ವರ್ಷ ಚಳಿ ಬೇಗ ಬಿದ್ದಿತ್ತು. ಹನ್ನೊಂದು ಗಂಟೆಗೆ ೧೦೨ ಎಂದು ಬರೆದು ಪೆನ್ಸಿಲ್ ಕೆಳಗಿಡುವಷ್ಟರಲ್ಲಿ ಹೊರಗೆ ಪಟ್ಟನೆ ಸದ್ದಾಯಿತು. ಗಾಜಿನ ಹಿಂದಿನ ಬಲ್ಬು ಆರಿತು. ಓಣಿಯಲ್ಲಿ ಮುನಿಯಪ್ಪನ ಎತ್ತಿನ ಗಾಡಿ ನಿಂತಿತ್ತು. ಮನೆಯ ಸೂರಿಗಿಂತ ಎತ್ತರಕ್ಕೆ ರಾಗಿಹುಲ್ಲು ಹೇರಿದ್ದ. ಕಂಬದಿಂದ ಮನೆಗೆ ಬರುತ್ತಿದ್ದ ತಂತಿ ಹುಲ್ಲಿನ ಹೊರೆಗೆ ಸಿಕ್ಕಿ, ಗೋಡೆಯ ಕೊಂಡಿಯನ್ನೇ ಕಿತ್ತುಕೊಂಡು ಬಂದಿತ್ತು. ಕಂಬದ ಮೇಲಿನ ಫ್ಯೂಸ್ ಸುಟ್ಟದ್ದರಿಂದ ಎತ್ತುಗಳಿಗಾಗಲಿ ಅವನಿಗಾಗಲಿ ಏನೂ ಆಗಲಿಲ್ಲ.

“ಅಯ್ಯೋ ನಿನ್ನ ಕಣ್ಣಿಗೆ ಬೂದಿ ಬಿದ್ದಿತ್ತೇನೋ!” ಎಂದು ಪುಟ್ಟತಾಯಮ್ಮ ಬಾಗಿಲಿಗೆ ಓಡಿದಳು.

“ತಂತೀನ ಅಷ್ಟು ಕೆಳಗೆ ಕಟ್ಟಿದ್ರೆ ನಾನೇನ್ ಮಾಡ್ಲಿ ಅತ್ಗೆ? ಹೋಗ್ಲಿ ಬುಡು. ಅವ್ವ ಇಲ್ದೆ ಕಾವು ಕೂರೋ ಕರೆಂಟು ಕೋಳಿ, ಒಂದೊತ್ತು ಉಪ್ವಾಸ ಇದ್ರೆ ಸತ್ತೋಯ್ತದಾ?” ಎಂದ ಮುನಿಯಪ್ಪ. ಆ ಪೆಟ್ಟಿಗೆ ಬಂದ ದಿನದಿಂದ ಅವನಿಗೆ ಅದೊಂದು ತಮಾಷೆ.

“ಸಾಯುತ್ತವೆ” ಎಂದೆ.

ಬಹುಶಃ ನಾನು ಹೇಳಿದ ರೀತಿಯಿಂದಲೋ ಏನೋ, ಅವನ ನಗು ನಿಂತಿತು. ಸೈಕಲ್ ಎರವಲು ತಂದು ಬಸವನಗುಡಿಗೆ ಲೈನ್‌ಮನ್ ಹುಡುಕಿ ಹೊರಟ.

ನಾನು ಒಳಗೆ ಬಂದು ಕುಳಿತೆ. ಬಲ್ಬು ಆರಿದ ಮೇಲೆ ಗಾಜಿನಿಂದ ಥರ್ಮಾಮೀಟರ್ ಕಾಣುತ್ತಿರಲಿಲ್ಲ. ಮುಚ್ಚಳ ತೆಗೆದು ಓದಿದೆ: ೧೦೦. ಹತ್ತು ನಿಮಿಷ ಬಿಟ್ಟು ತೆಗೆದೆ: ೯೮. ಬರೆದೆ. ಮತ್ತೆ ಹತ್ತು ನಿಮಿಷ: ೯೫. ಗಂಟೆಗೊಮ್ಮೆ ನೋಡಿದರೆ ಸಾಕಾಗಿತ್ತು. ಆದರೆ ಕೆಳಗಿಳಿಯುತ್ತಿರುವ ಅಂಕಿಯನ್ನು ನೋಡದೆ ಕೂರಲು ನನ್ನಿಂದ ಆಗುತ್ತಿರಲಿಲ್ಲ. ಏನೂ ಮಾಡಲಾಗದಾಗ ಬರೆಯುವುದೇ ಏನನ್ನೋ ಮಾಡಿದಂತೆ ಅನ್ನಿಸುತ್ತಿತ್ತು. ಹನ್ನೆರಡೂವರೆಯ ಹೊತ್ತಿಗೆ ಎಂಟು ಬಾರಿ ತೆಗೆದಿದ್ದೆ, ೯೧ಕ್ಕೆ ಬಂದಿತ್ತು.

ಪುಟ್ಟತಾಯಮ್ಮ ಗೋಡೆಗೊರಗಿ ನಿಂತು ನೋಡುತ್ತಿದ್ದಳು. ಒಂಬತ್ತನೆಯ ಸಲ ಕೈ ಹಾಕಿದಾಗ ಬಂದು ಮುಚ್ಚಳದ ಮೇಲೆ ತನ್ನ ಕೈಯಿಟ್ಟಳು.

“ಅಮ್ಮಣ್ಣಿ, ತೆಪ್ ತಿಳೀಬ್ಯಾಡಿ. ಅನ್ನ ಇಂಗೋಕೆ ಬಿಟ್ಟು ಘಳಿಗ್ಗೊಂದು ದಪ ಮುಚ್ಚಳ ಎತ್ತಿದ್ರೆ ಅಕ್ಕಿ ಬೇಯ್ತದಾ?”

“ಎಷ್ಟು ಡಿಗ್ರಿ ಇದೆ ಎಂದು ನೋಡಬೇಡವೇ?”

“ನೋಡಿದ್ರೆ ಕಾವು ಏರ್ತದಾ? ಇರೋದೂ ನೀವು ತೆಗೆದಂಗೆಲ್ಲ ಈಚೆಗೆ ಬತ್ತಾ ಐತೆ.”

ಬಿಸಿ ಗಾಳಿ ಮೇಲಕ್ಕೇರುತ್ತದೆ ಎಂಬುದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ವಿಷಯ. ಆ ಗಳಿಗೆಯಲ್ಲಿ ನನಗೆ ಅದು ಹೊಳೆದಿರಲಿಲ್ಲ. ಕೈ ತೆಗೆದೆ.

ಅಷ್ಟರಲ್ಲಿ ಮುನಿಯಪ್ಪ ಮರಳಿದ. ಮರುದಿನ ಕಾರ್ತಿಕದ ಕಡೆಯ ಸೋಮವಾರ, ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಲೈನ್‌ಮನ್‌ಗಳೆಲ್ಲ ಬೀದಿಗೆ ಬಣ್ಣದ ಬಲ್ಬು ಕಟ್ಟುತ್ತಿದ್ದರಂತೆ. “ಮಂಗ್ಳವಾರ ಬತ್ತೀವಿ, ಅಲ್ಲೀಗಂಟ ಬುಡ್ಡಿ ಹಚ್ಕಳ್ಳಿ ಅಂದ್ರು” ಎಂದು ಮುಖ ಕೆಳಗೆ ಹಾಕಿ ಹೇಳಿದ. ಅಂದರೆ ಎರಡು ದಿನ.

ಮೂವರೂ ಕುಳಿತು ಯೋಚಿಸಿದೆವು. ತಟ್ಟೆಯ ಕೆಳಗಿನ ಒಂದು ಗೇಣು ಜಾಗದಲ್ಲಿ ಬಿಸಿನೀರು ಇಡಬಹುದು ಎಂದೆ. ಆ ಮನೆಯ ಬಚ್ಚಲಿನಲ್ಲಿ ಒಲೆಗೆ ಕಟ್ಟಿದ ತಾಮ್ರದ ಹಂಡೆ ಇತ್ತು, ನೀರಿಗೆ ಕೊರತೆಯಿಲ್ಲ. ಆದರೆ ಚೊಂಬುಗಳು ಆ ಜಾಗಕ್ಕೆ ಎತ್ತರವಾದವು. ಅಡ್ಡಡ್ಡ ಮಲಗಿಸಲು ಬಿರಡೆಯಿರುವ ಬಾಟಲಿಗಳು ಬೇಕು. ಮುನಿಯಪ್ಪ ಹಿತ್ತಿಲಿಗೆ ಹೋಗಿ, ಹುಲ್ಲಿನ ಮೆದೆಯೊಳಗಿಂದ ಒಂದೊಂದಾಗಿ ಹತ್ತು ಬಾಟಲಿ ತಂದಿಟ್ಟ. ನನ್ನ ಕಡೆ ನೋಡಲಿಲ್ಲ.

“ಹತ್ತಾ!” ಎಂದಳು ಅತ್ತಿಗೆ. “ಮೊನ್ನೆ ಕೇಳಿದ್ರೆ ಕೆಮ್ಮಿನ ಔಷ್ದಿ ಒಂದೇ ಒಂದು ಅಂದೆ. ಇಷ್ಟು ಕೆಮ್ಮು ಇದ್ದೋನು ಇನ್ನಾ ಬದುಕಿದ್ದೀಯಲ್ಲಪ್ಪ!”

“ಈಗ ಕೆಲ್ಸಕ್ಕೆ ಬಂದ್ವೋ ಇಲ್ವೋ ಹೇಳು.”

ಮುಂದಿನ ತಪ್ಪು ಕೂಡ ನನ್ನದೇ. ನೀರು ಎಷ್ಟು ಬಿಸಿ ಇರಬೇಕು? ಕೈಯಿಟ್ಟು ನೋಡಿದರೆ ಸಾಕು ಎಂದಳು ಪುಟ್ಟತಾಯಮ್ಮ. ನನಗೆ ಸರಿಯಾದ ಅಂಕಿ ಬೇಕಿತ್ತು. ಪೆಟ್ಟಿಗೆಯ ಥರ್ಮಾಮೀಟರನ್ನು ತೆಗೆದು ಹಂಡೆಯ ನೀರಿನಲ್ಲಿ ಅದ್ದಿದೆ. ಅದರ ಅಳತೆ ೧೧೦ಕ್ಕೆ ಮುಗಿಯುತ್ತದೆ. ಹಂಡೆಯಲ್ಲಿದ್ದದ್ದು ಬಹುತೇಕ ಕುದಿನೀರು. ಪಾದರಸ ಮೇಲಕ್ಕೆ ನುಗ್ಗಿ, ಟಕ್ ಎಂದು ಗಾಜು ಒಡೆಯಿತು. ಪಾದರಸ ವಿಷ, ಹಂಡೆಯ ನೀರನ್ನೆಲ್ಲ ದೂರದಲ್ಲಿ ಗುಂಡಿ ತೋಡಿ ಚೆಲ್ಲಿಸಿ, ಹಂಡೆ ತೊಳೆದು, ಹೊಸದಾಗಿ ನೀರು ತುಂಬಿ ಒಲೆ ಹಚ್ಚಿದೆವು. ಅದಕ್ಕೇ ಒಂದು ಗಂಟೆ ಹೋಯಿತು. ಇಬ್ಬರಲ್ಲಿ ಯಾರೂ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು.

ಈಗ ಉಷ್ಣತೆ ತಿಳಿಯಲು ನನಗೆ ದಾರಿಯೇ ಇರಲಿಲ್ಲ. ಪುಟ್ಟತಾಯಮ್ಮನಿಗೆ ಇತ್ತು. ನೀರು ತುಂಬಿದ ಬಾಟಲಿಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ತಟ್ಟೆಯ ಕೆಳಗೆ ಮಲಗಿಸಿದೆವು. ಎರಡು ಬಾಟಲಿ ಬಿಸಿಗೆ ಸೀಳಿ, ಎಂಟು ಉಳಿದಿದ್ದವು. ಮೇಲೆ ಮೂರು ಕಂಬಳಿ ಹೊದಿಸಿದಳು. ಪಕ್ಕದ ಗಾಳಿಯ ರಂಧ್ರಗಳನ್ನೂ ಮುಚ್ಚಲು ಹೋದಾಗ ನಾನು ತಡೆದೆ: ಚಿಪ್ಪಿನೊಳಗಿನ ಜೀವವೂ ಉಸಿರಾಡುತ್ತದೆ, ರಂಧ್ರ ಬಿಡಬೇಕು. ಒಪ್ಪಿದಳು. ಅರ್ಧ ಗಂಟೆಯಾದ ಮೇಲೆ ಮುಚ್ಚಳವನ್ನು ಕೈ ಹಿಡಿಯುವಷ್ಟೇ ಎತ್ತಿ, ಒಂದು ಮೊಟ್ಟೆ ತೆಗೆದು, ಕಣ್ಣು ಮುಚ್ಚಿ ರೆಪ್ಪೆಯ ಮೇಲೆ ಇಟ್ಟುಕೊಂಡಳು.

“ಇನ್ನಾ ಸಾಲ್ದು. ಮಲಗಿರೋ ಮಗೀನ ಕೆನ್ನೆ ಹಂಗೆ ತಾಗ್ಬೇಕು. ನಮ್ಮವ್ವ ಹಿಂಗೇ ನೋಡ್ತಿದ್ಲು. ಕೈಗೆ ಸುಳ್ಳು ಹೇಳೋಕೆ ಬತ್ತದೆ, ಒಲೆ ಮುಂದೆ ಕೂತಿದ್ರೆ ಬಿಸಿ, ನೀರಾಗಿದ್ರೆ ತಣ್ಣಗೆ. ರೆಪ್ಪೆಗೆ ಬರಾಕಿಲ್ಲ. ನೀವೂ ನೋಡಿ.”

ಮೊಟ್ಟೆಯನ್ನು ನನ್ನ ಕಡೆ ಹಿಡಿದಳು. ನಾನು ಕೈಗವಸು ತೊಟ್ಟೇ ಇದ್ದೆ. ಗವಸಿನಲ್ಲೇ ತೆಗೆದುಕೊಂಡೆ. ರೆಪ್ಪೆಯ ಹತ್ತಿರ ತರಲು ಆಗಲಿಲ್ಲ. ಒಂದು ನಿಮಿಷವಾದರೂ ಹಾಗೇ ನಿಂತಿದ್ದಿರಬೇಕು. ಕೊರಳಲ್ಲಿ ಲಿಂಗವಿತ್ತು, ಅಂದು ಬೆಳಿಗ್ಗೆ ಪೂಜೆಯಾದ ಮೇಲೆ ಅದನ್ನು ಇದೇ ಕಣ್ಣಿಗೆ ಒತ್ತಿಕೊಂಡಿದ್ದೆ.

“ಕೈಗೆ ಬಟ್ಟೆ ಸುತ್ಕಂಡು ಮಗೀನ ಎತ್ಕಳ್ಳೋರ ನಾನು ಕಂಡಿಲ್ಲ” ಎಂದಳು ಪುಟ್ಟತಾಯಮ್ಮ. ಬಹಳ ದಿನದಿಂದ ನುಂಗಿಕೊಂಡಿದ್ದ ಮಾತು ಎಂದು ಗೊತ್ತಾಯಿತು. ಆಮೇಲೆ ತಾನೇ ದನಿ ತಗ್ಗಿಸಿ, “ನಿಮ್ಮ ಮನೆ ಕಟ್ಲೆ ಹೆಂಗೋ ಏನೋ. ಬ್ಯಾಡ ಅಂದ್ರೆ ಬುಡಿ, ನಾನೇ ನೋಡ್ಕತೀನಿ” ಎಂದಳು.

ಅವಳೇ ನೋಡಿಕೊಳ್ಳಬಹುದಿತ್ತು. ಆದರೆ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುವವಳು ನಾನು. ಕಾಣದ್ದನ್ನು ಕಂಡೆ ಎಂದು ಬರೆಯುವುದು ನನಗೆ ಗೊತ್ತಿರಲಿಲ್ಲ. ಗವಸು ಕಳಚಿ ಚೀಲಕ್ಕೆ ಹಾಕಿ, ಮೊಟ್ಟೆಯನ್ನು ಬರಿಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿದೆ. ನಾನು ಅಂದುಕೊಂಡಂತೆ ಅದು ಜಿಗುಟಾಗಿರಲಿಲ್ಲ, ವಾಸನೆಯೂ ಇರಲಿಲ್ಲ. ಸುಣ್ಣದ ಗೋಡೆಯ ಹಾಗೆ ಒರಟಾಗಿ, ಒಣಗಿ, ಸ್ವಲ್ಪ ತಣ್ಣಗಿತ್ತು. ಉಷ್ಣತೆಯ ಕಾಲಮ್ಮಿನಲ್ಲಿ ಹೀಗೆ ಬರೆದೆ: ‘೩ ಗಂಟೆ. ರೆಪ್ಪೆಗೆ ತಣ್ಣಗೆ. ನೀರು ಬದಲಿಸಲಾಯಿತು.’ ನಾಲ್ಕೂವರೆಗೆ ಎರಡನೆಯ ಸಲ ನೋಡಿ, ‘ರೆಪ್ಪೆಗೆ ಬೆಚ್ಚಗೆ’ ಎಂದು ಬರೆದೆ.

ಒಂದು ನಿಯಮ ಮಾಡಿಕೊಂಡೆವು. ಪ್ರತಿ ಐದು ತಾಸಿಗೊಮ್ಮೆ ಮಾತ್ರ ಮುಚ್ಚಳ ತೆಗೆಯುವುದು. ನೀರು ಬದಲಿಸುವುದು, ರೆಪ್ಪೆಗಿಟ್ಟು ನೋಡುವುದು, ಮೊಟ್ಟೆ ಮಗ್ಗುಲು ತಿರುಗಿಸುವುದು ಎಲ್ಲ ಆಗಲೇ. ಒಳಗಿನ ಜೀವ ಚಿಪ್ಪಿಗೆ ಅಂಟದಿರಲೆಂದು ಮೊಟ್ಟೆಗಳನ್ನು ದಿನಕ್ಕೆ ಕೆಲವು ಸಲ ಹೊರಳಿಸಬೇಕು. ಒಂದು ಬದಿಗೆ ಗುಣಿಸುವ ಗುರುತು, ಇನ್ನೊಂದಕ್ಕೆ ಸೊನ್ನೆ ಹಾಕಿದ್ದೆ. ಅಕ್ಷರ ಬಾರದಿದ್ದರೂ ಪುಟ್ಟತಾಯಮ್ಮನಿಗೆ ಅದು ತಿಳಿಯುತ್ತಿತ್ತು.

ಐದು ಗಂಟೆಗೆ ನಾನು ಹೊರಡಲೇಬೇಕಿತ್ತು. ಕತ್ತಲಾದ ಮೇಲೆ ಮನೆ ಸೇರಿದರೆ ಹತ್ತು ಪ್ರಶ್ನೆ.

“ಮಧ್ಯೆ ತೆಗೆಯಬೇಡಿ” ಎಂದೆ ಬಾಗಿಲಲ್ಲಿ.

“ನಾನು ತೆಗೆಯಾಕಿಲ್ಲ. ನೀವು ಇಲ್ದೆ ಇದ್ರೆ ತೆಗೆಯೋರು ಯಾರೂ ಇಲ್ಲ, ಹೋಗ್ಬನ್ನಿ” ಎಂದಳು.

ಆ ಸಂಜೆ ಶಂಕರಪುರದ ಮನೆಯಲ್ಲಿ ಪ್ರತಿ ಕೋಣೆಯಲ್ಲೂ ದೀಪ ಉರಿಯುತ್ತಿತ್ತು. ತಂದೆಯವರು ಹೊಸ ಲಗ್ನಪತ್ರಿಕೆಯ ಮಾದರಿಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅವರ ಕೈಯಲ್ಲಿ ಕಾಗದವಿತ್ತು. ನನಗೆ ಮೊಟ್ಟೆ ಕಾಣುತ್ತಿತ್ತು. ತಟ್ಟೆಯಲ್ಲಿ ಅನ್ನ ಕಲಸುತ್ತಾ ಕುಳಿತೆ. ಎಂಟು ಗಂಟೆ, ಈಗ ತಣ್ಣಗಾಗಿರಬಹುದು. ಒಂಬತ್ತು, ಈಗ ನೀರು ಬದಲಿಸಬೇಕು, ಒಲೆ ಆರಿದ್ದರೆ? ಗಡಿಯಾರ ನೋಡಲು ಎಷ್ಟು ಸಲ ಎದ್ದೆನೋ, ಅಮ್ಮ ಕೊನೆಗೆ, “ಅದು ಓಡ್ತಾನೇ ಇದೆ ನೀಲಾ, ನೀನು ಕೂತ್ಕೊ” ಎಂದರು.

ಬೆಳಿಗ್ಗೆ ಬೇಗ ಸ್ನಾನ, ಪೂಜೆ ಮುಗಿಸಿ, ಬೀರುವಿನಿಂದ ಜ್ವರದ ಥರ್ಮಾಮೀಟರ್ ತೆಗೆದುಕೊಂಡೆ. ಅಮ್ಮ ನೋಡಿದರು.

“ಯಾರಿಗೆ ಜ್ವರ?”

“ಗೊತ್ತಿರೋರಿಗೆ. ಸಂಜೆ ತಂದುಕೊಡ್ತೀನಿ.”

ಪರಿಷೆಯ ಬೀದಿಯಲ್ಲಿ ಕಡಲೆಕಾಯಿಯ ರಾಶಿಗಳ ಮೇಲೆ ಗೋಣಿ ಹೊದಿಸಿ, ಪಕ್ಕದಲ್ಲಿ ಮಾರುವವರು ಮುದುಡಿ ಕುಳಿತಿದ್ದರು. ಹಗಲಾಗಿದ್ದರೂ ಬಣ್ಣದ ಬಲ್ಬುಗಳನ್ನು ಯಾರೂ ಆರಿಸಿರಲಿಲ್ಲ. ಸಾಲುಸಾಲಾಗಿ, ಬೆಳಗಿನ ಬೆಳಕಿನಲ್ಲಿ, ಯಾವ ಉಪಯೋಗಕ್ಕೂ ಇಲ್ಲದೆ ಉರಿಯುತ್ತಿದ್ದವು. ಅವುಗಳ ಕೆಳಗೆ ನಾನು ಬಹುತೇಕ ಓಡಿದೆ.

ಪುಟ್ಟತಾಯಮ್ಮ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತಿದ್ದಳು, ಕಣ್ಣು ಕೆಂಪಾಗಿತ್ತು. ಮುನಿಯಪ್ಪ ಬಚ್ಚಲ ಒಲೆಯ ಮುಂದೆ ಕುಳಿತಲ್ಲೇ ತೂಕಡಿಸುತ್ತಿದ್ದ. ಎರಡು ಸಲ ನೀರು ಬದಲಾಗಿತ್ತು. ಮುಂದಿನ ಹೊತ್ತಿಗೆ ಇನ್ನೂ ಒಂದು ಗಂಟೆಯಿತ್ತು. ನನ್ನ ಕೈ ಮುಚ್ಚಳದ ಕಡೆ ಹೋಯಿತು. ಅವಳು ಸುಮ್ಮನೆ ನೋಡಿದಳು. ಕೈ ಹಿಂದಕ್ಕೆ ತೆಗೆದುಕೊಂಡೆ. ಆ ಒಂದು ಗಂಟೆ ಅಂಗಳದಲ್ಲಿ ಅತ್ತಿಂದಿತ್ತ ನಡೆದೆ. ನನ್ನ ವೃತ್ತಿಜೀವನದಲ್ಲಿ ಅದಕ್ಕಿಂತ ಕಷ್ಟದ ಗಂಟೆ ಇನ್ನೊಂದಿಲ್ಲ.

ಹೊತ್ತಾದಾಗ ಮೊದಲು ನಾನು ಮೊಟ್ಟೆಯೊಂದನ್ನು ರೆಪ್ಪೆಗಿಟ್ಟುಕೊಂಡೆ. ಬೆಚ್ಚಗಿತ್ತು. ಆಮೇಲೆ ಜ್ವರದ ಥರ್ಮಾಮೀಟರನ್ನು ಮೊಟ್ಟೆಗಳ ನಡುವೆ ಸಿಕ್ಕಿಸಿ, ಕಂಬಳಿ ಮುಚ್ಚಿ, ಮೂರು ನಿಮಿಷ ಎಣಿಸಿ ತೆಗೆದೆ: ೯೮.

“ಎಷ್ಟೈತೆ?” ಎಂದಳು.

“ಬೇಕಾದ್ದಕ್ಕಿಂತ ಸ್ವಲ್ಪ ಕಡಿಮೆ. ಸಾಯುವಷ್ಟಲ್ಲ.”

“ಅದ್ನೇ ರಾತ್ರಿಯಿಂದ ನಾನು ಮುನಿಯಪ್ಪಂಗೆ ಹೇಳ್ತಾ ಇದ್ದೆ.”

ಆಮೇಲೆ ರೆಪ್ಪೆಯನ್ನೇ ನಂಬಿದೆ; ಥರ್ಮಾಮೀಟರ್ ಒಡೆದ ಮೇಲಿನ ಎರಡು ದಿನದ ದಾಖಲೆಯಲ್ಲಿ ಇರುವ ಒಂದೇ ಅಂಕಿ ಆ ೯೮. ಉಳಿದದ್ದೆಲ್ಲ ಬೆಚ್ಚಗೆ, ತಣ್ಣಗೆ, ಬೆಚ್ಚಗೆ. ಮಂಗಳವಾರ ಹತ್ತು ಗಂಟೆಗೆ ಲೈನ್‌ಮನ್ ಬಂದು ತಂತಿ ಕಟ್ಟಿದ. ಬಲ್ಬು ಹತ್ತಿತು. ನಾನು ಕಚೇರಿಯಿಂದ ಹೊಸ ಥರ್ಮಾಮೀಟರ್ ತಂದೆ. ಅದು ಹದಿನಾಲ್ಕನೆಯ ದಿನ. ಎರಡನೆಯ ಬಾರಿ ಮೊಟ್ಟೆಗಳನ್ನು ಬೆಳಕಿಗೆ ಹಿಡಿದು ಪರೀಕ್ಷಿಸಬೇಕಾದ ದಿನ. ಮಾಡಿದ್ದರೆ ಎಷ್ಟು ಬದುಕಿವೆ ಎಂದು ಅಂದೇ ತಿಳಿಯುತ್ತಿತ್ತು. ಆದರೆ ಈಗತಾನೆ ಕಾವು ಹಿಡಿಯುತ್ತಿದ್ದ ನೂರ ಆರು ಮೊಟ್ಟೆಯನ್ನು ಒಂದೊಂದಾಗಿ ಚಳಿಗೆ ತೆಗೆಯಬೇಕಾಗುತ್ತಿತ್ತು. ‘ಪರೀಕ್ಷೆ ಮಾಡಿಲ್ಲ’ ಎಂದು ಬರೆದು ಸಹಿ ಹಾಕಿದೆ. ಮುಂದಿನ ಏಳು ದಿನ, ಜೀವವಿದೆಯೋ ಇಲ್ಲವೋ ತಿಳಿಯದ ಪೆಟ್ಟಿಗೆಯ ಮುಂದೆ ಕುಳಿತು ೧೦೨, ೧೦೨ ಎಂದು ಬರೆದೆ.

ಇಪ್ಪತ್ತೊಂದನೆಯ ದಿನ ಏನೂ ಆಗಲಿಲ್ಲ. ಪುಟ್ಟತಾಯಮ್ಮ ಅಂದು ಊಟ ಮಾಡಲಿಲ್ಲ. ಒಂದು ಸಲ ಮಾತ್ರ ತಗ್ಗಿದ ದನಿಯಲ್ಲಿ, “ಆ ಪಟೇಲ್ರ ಮನೇಲಿ ಕೋಳಿ ನೋಡ್ಕಳ್ಳೋರಾದ್ರೂ ಯಾರವ್ರೆ?” ಎಂದಳು.

ಮರುದಿನ, ಬುಧವಾರ ಬೆಳಿಗ್ಗೆ, ಅವಳು ಪೆಟ್ಟಿಗೆಗೆ ಕಿವಿ ಹಚ್ಚಿ ಬಹಳ ಹೊತ್ತು ಕುಳಿತು, ನನ್ನನ್ನೂ ಕರೆದಳು. ಒಳಗೆಲ್ಲೋ ಉಗುರಿನಿಂದ ಕಾಗದ ಕೆರೆದಂಥ ಸದ್ದು. ಗಾಜಿನ ಮೂಲಕ ನೋಡಿದರೆ ಮೂರು ಮೊಟ್ಟೆಗಳಲ್ಲಿ ಸಾಸಿವೆಯಷ್ಟು ಸೀಳು. ಮೂರು ಐವತ್ತಮೂರಲ್ಲ. ಆದರೂ ಅವಳು ನನ್ನ ಕೈ ಹಿಡಿದುಕೊಂಡಳು.

ಹನ್ನೊಂದು ಗಂಟೆಗೆ ನಮ್ಮ ಮೇಲಧಿಕಾರಿಗಳು ವ್ಯಾನಿನಲ್ಲಿ ಬಂದರು. ಜೊತೆಯಲ್ಲಿದ್ದ ಜವಾನನ ಕೈಯಲ್ಲಿ ಸ್ಕ್ರೂ ಡ್ರೈವರ್, ಕಂಕುಳಲ್ಲಿ ಒಂದು ಹೊಸ ತಗಡಿನ ಹಲಗೆ. ಅದರಲ್ಲಿ ಪಟೇಲರ ಹೆಸರು ಬರೆಸಿಯೇ ತಂದಿದ್ದರು. ಅಧಿಕಾರಿಗಳು ಕೆಟ್ಟವರಲ್ಲ. ಇಪ್ಪತ್ತೊಂದನೆಯ ದಿನಕ್ಕೆ ಮರಿಯಿಲ್ಲ ಎಂಬ ನನ್ನ ವರದಿಯನ್ನು ಓದಿ, ಕ್ರಮದಂತೆ ಬಂದಿದ್ದರು. ರಿಜಿಸ್ಟರ್ ತೆರೆದು ಆ ಎರಡು ದಿನದ ಪುಟಕ್ಕೆ ಬಂದಾಗ ಕನ್ನಡಕ ಸರಿಮಾಡಿಕೊಂಡರು.

“ರೆಪ್ಪೆಗೆ ಬೆಚ್ಚಗೆ. ರೆಪ್ಪೆಗೆ ತಣ್ಣಗೆ. ಇದೇನಮ್ಮಾ, ಉಷ್ಣತೆ ಬರೆದಿದ್ದೀರೋ ಭಾವಗೀತೆ ಬರೆದಿದ್ದೀರೋ?”

“ಥರ್ಮಾಮೀಟರ್ ಒಡೆದಿತ್ತು ಸರ್. ನಾನೇ ಒಡೆದೆ. ಅಲ್ಲೇ ಬರೆದಿದೆ.”

“ಹದಿನಾಲ್ಕನೆಯ ದಿನದ ಪರೀಕ್ಷೆಯೂ ಇಲ್ಲ. ಇರಲಿ. ತೆಗೆಯಿರಿ, ಎಷ್ಟಿದೆ ಎಂದು ಎಣಿಸಿ ಮುಗಿಸೋಣ.”

ಅವರು ಮುಚ್ಚಳಕ್ಕೆ ಕೈ ಚಾಚಿದರು. ಪುಟ್ಟತಾಯಮ್ಮ ನನ್ನ ಮುಖ ನೋಡಿದಳು. ನನಗೆ ಎದುರಿಸಿ ಮಾತಾಡಿ ಅಭ್ಯಾಸವಿಲ್ಲ. ತರಗತಿಯಲ್ಲಿ ಉತ್ತರ ಗೊತ್ತಿದ್ದಾಗಲೂ ಕೈ ಎತ್ತಿದವಳಲ್ಲ. ಅಂದು ನನ್ನ ಬರಿಗೈಯನ್ನು ಮುಚ್ಚಳದ ಮೇಲೆ ಇಟ್ಟೆ.

“ಈಗ ತೆಗೆಯಬಾರದು ಸರ್. ಮೂರು ಚಿಪ್ಪು ಬಿರಿದಿವೆ. ಒಳಗಿನ ತೇವ ಹೊರಗೆ ಹೋದರೆ ಅರ್ಧ ಬಂದ ಮರಿ ಚಿಪ್ಪಿಗೇ ಅಂಟಿ ಸಾಯುತ್ತದೆ. ಎರಡು ದಿನ ಕಾವು ಕಡಿಮೆಯಾಗಿತ್ತು, ಅಷ್ಟು ತಡವಾಗುತ್ತದೆ. ನಾಳೆ ಬನ್ನಿ.”

“ಅಷ್ಟು ತಡವಾಗುತ್ತದೆ ಎಂದು ಎಲ್ಲಿ ಬರೆದಿದೆ?”

“ನಾನು ಓದಿದ ಪುಸ್ತಕದಲ್ಲಿಲ್ಲ ಸರ್.”

ಅವರು ಗಾಜಿನೊಳಗೆ ಬಗ್ಗಿ ನೋಡಿದರು. ಮುನಿಯಪ್ಪ ಹಿಂದಿನಿಂದ, “ಸ್ವಾಮಿ, ತಂತಿ ಕಿತ್ತೋನು ನಾನು. ಸಿಟ್ಟು ನನ್ ಮ್ಯಾಗೆ ಮಾಡ್ಕಳ್ಳಿ” ಎಂದ.

“ನಾಳೆ ಒಂಬತ್ತಕ್ಕೆ” ಎಂದರು ಅಧಿಕಾರಿಗಳು. “ಆಗದಿದ್ದರೆ ಹೊಣೆ ನಿಮ್ಮದು.”

“ನನ್ನದೇ ಸರ್.”

ಗುರುವಾರ ಬೆಳಿಗ್ಗೆ ನಾನು ಅಂಗಳಕ್ಕೆ ಕಾಲಿಡುವ ಮೊದಲೇ ಸದ್ದು ಕೇಳಿಸಿತು. ಸಂತೆಯ ಗದ್ದಲ ದೂರದಿಂದ ಕೇಳಿದ ಹಾಗೆ. ಗಾಜಿನ ತುಂಬಾ ಹಳದಿ ತುಪ್ಪುಳ ಒತ್ತಿಕೊಂಡಿತ್ತು. ಒಂಬತ್ತಕ್ಕೆ ಅಧಿಕಾರಿಗಳ ಎದುರಿಗೆ ಮುಚ್ಚಳ ತೆಗೆದೆವು. ಅವರೇ ಎಣಿಸಿದರು: ಅರವತ್ತಮೂರು. ಮತ್ತೊಮ್ಮೆ ಎಣಿಸಿದಾಗ ಅರವತ್ತನಾಲ್ಕು. ಒಂದು, ಮುನಿಯಪ್ಪನ ಕಂಬಳಿಯ ಮಡಿಕೆ ಸೇರಿತ್ತು.

ಪುಟ್ಟತಾಯಮ್ಮ ಸೆರಗಿನ ತುದಿಯಿಂದ ಪೆಟ್ಟಿಗೆಯ ಮೇಲಿನ ಹೆಸರಿನ ಹಲಗೆಯನ್ನು ಒರೆಸಿದಳು. ಅಧಿಕಾರಿಗಳು ಜವಾನನಿಗೆ, “ಅದನ್ನ ವ್ಯಾನಲ್ಲಿಡು” ಎಂದರು. ಪಟೇಲರ ಹಲಗೆ ಬಂದ ದಾರಿಯಲ್ಲೇ ಹೋಯಿತು.

ಅವರು ಹೋದ ಮೇಲೆ ನನಗಿನ್ನೂ ಒಂದು ಕೆಲಸವಿತ್ತು. ಒಡೆಯದೆ ಉಳಿದ ನಲವತ್ತೆರಡು ಮೊಟ್ಟೆಗಳನ್ನು ತೆರೆದು, ಯಾವ ದಿನ ಸತ್ತವು ಎಂದು ಬರೆಯಬೇಕು. ಬೇರೆ ಬೇರೆ ದಿನದವು ಇದ್ದವು. ಆದರೆ ಹನ್ನೊಂದು ಸರಿಯಾಗಿ ಹನ್ನೆರಡನೆಯ ದಿನದ ಬೆಳವಣಿಗೆಗೆ ನಿಂತಿದ್ದವು, ಮತ್ತು ಆ ಹನ್ನೊಂದೂ ತಟ್ಟೆಯ ಮುಂದಿನ ಸಾಲಿನವು. ಮುಚ್ಚಳ ಎತ್ತಿದಾಗ ತಣ್ಣನೆಯ ಗಾಳಿ ಮೊದಲು ಬೀಳುವುದು ಆ ಸಾಲಿನ ಮೇಲೆ. ಕಾರಣ ಎಂಬ ಕಾಲಮ್ಮಿನಲ್ಲಿ ‘ವಿದ್ಯುತ್ ನಿಲುಗಡೆ’ ಎಂದು ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ‘ಸಹಾಯಕಿ ಪದೇ ಪದೇ ಮುಚ್ಚಳ ತೆಗೆದದ್ದು’ ಎಂದು ಬರೆದೆ.

ಅಂದು ಸಂಜೆ ಮನೆಗೆ ಬಂದಾಗ ಅಮ್ಮ ಹೂ ಕಟ್ಟುತ್ತಿದ್ದರು. ನನ್ನ ಸೀರೆಯ ನೆರಿಗೆಗೆ ಅಂಟಿದ್ದ ಹಳದಿ ತುಪ್ಪುಳವನ್ನು ಎರಡು ಬೆರಳಲ್ಲಿ ತೆಗೆದು ನೋಡಿದರು.

“ಆ ಜ್ವರ ಬಂದೋರು ಈಗ ಹೇಗಿದ್ದಾರೆ?”

ನಾನು ಕುಳಿತು ಎಲ್ಲವನ್ನೂ ಹೇಳಿದೆ. ರೆಪ್ಪೆಯ ವಿಷಯವನ್ನೂ. ಅಮ್ಮ ಬಹಳ ಹೊತ್ತು ಹೂವಿನ ದಾರವನ್ನೇ ಬೆರಳಿಗೆ ಸುತ್ತುತ್ತಿದ್ದರು.

“ಕೊಲ್ಲೋ ಕೆಲಸ ಅಲ್ವಲ್ಲ. ಹುಟ್ಟಿಸೋ ಕೆಲಸ ತಾನೆ?” ಎಂದರು. “ಅಪ್ಪಾಜಿಗೆ ನೀನು ಹೇಳ್ಬೇಡ. ನಾನು ಸಮಯ ನೋಡಿ ಹೇಳ್ತೀನಿ. ಆ ಥರ್ಮಾಮೀಟರ್ ಮಾತ್ರ ಬೀರುವಿಗೆ ಮತ್ತೆ ಇಡ್ಬೇಡ, ನೀನೇ ಇಟ್ಕೊ.”

ಬೆಳೆದ ಕೋಳಿಗಳು ಕೊನೆಗೆ ಎಲ್ಲಿಗೆ ಹೋಗುತ್ತವೆ ಎಂಬುದನ್ನು ನಾನು ಹೇಳಲಿಲ್ಲ. ಅವರೂ ಕೇಳಲಿಲ್ಲ. ಆ ಮಾತು ನಮ್ಮಿಬ್ಬರ ನಡುವೆ ಇಂದಿಗೂ ಹಾಗೆಯೇ ಇದೆ.

ಇದಾಗಿ ಐದು ವರ್ಷ. ಪುಟ್ಟತಾಯಮ್ಮನ ಮನೆಯಲ್ಲಿ ಆ ಪೆಟ್ಟಿಗೆ ಈಗಲೂ ಇದೆ. ತಂತಿಯನ್ನು ಮುನಿಯಪ್ಪ ತಾನೇ ನಿಂತು ಎತ್ತರಕ್ಕೆ ಕಟ್ಟಿಸಿದ. ನಾನು ಅದೇ ವಿಭಾಗದಲ್ಲಿ ಖಾಯಂ ಆಗಿದ್ದೇನೆ. ಹೊಸದಾಗಿ ಸೇರುವ ಹುಡುಗಿಯರಿಗೆ ತರಬೇತಿ ಕೊಡುವುದು ಈಗ ನನ್ನ ಪಾಲಿನ ಕೆಲಸ. ಥರ್ಮಾಮೀಟರ್ ಕೊಡುವ ಮೊದಲು ಅವರ ಕೈಗೆ ಒಂದು ಮೊಟ್ಟೆ ಕೊಟ್ಟು ಕಣ್ಣು ಮುಚ್ಚಲು ಹೇಳುತ್ತೇನೆ. ಕೆಲವರು ನಗುತ್ತಾರೆ. ಕೆಲವರು, ನನ್ನಂತಹ ಮನೆಗಳಿಂದ ಬಂದವರು, ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಅವರಿಗೆ ಅವಸರ ಮಾಡುವುದಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ದೊಡ್ಡ ವಿಷಯವೇನಲ್ಲ. ನೋಡಬೇಕು ಎಂಬ ಚಡಪಡಿಕೆ ನನ್ನದು. ಅದಕ್ಕೆ ಬೆಲೆ ತೆರುವುದು ಮುಂದಿನ ಸಾಲಿನಲ್ಲಿರುವವು. ಚಡಪಡಿಕೆ ಇಂದಿಗೂ ಹೋಗಿಲ್ಲ. ಅದು ಬಂದಾಗ ಎದ್ದು ಅಂಗಳದಲ್ಲಿ ನಡೆಯುತ್ತೇನೆ. ನನ್ನ ಚೀಲದಲ್ಲಿ ಈಗ ಎರಡು ಥರ್ಮಾಮೀಟರ್ ಇರುತ್ತವೆ. ಕೈಗವಸು ಇರುವುದಿಲ್ಲ.